ಸೊನ್ನೆ ರೆಸಿಸ್ಟೆನ್ಸ್ ವೈರ್ ನಿಜವಾಗಿ ಐತಾ? ಇದ್ರೆ ಅದಕ್ಕೆ ಜಾಯಿಂಟ್ ಹೆಂಗೆ ಹಾಕ್ತಾರೆ?

ದುರ್ಗದ ವೈಂಡರ್:

ಎಲ್ಲರಿಗೂ ನಮಸ್ಕಾರ. ನಂದು ಚಿತ್ರದುರ್ಗದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಇಪ್ಪತ್ತೆರಡು ವರ್ಷ ಆಯ್ತು. ಬೋರ್‌ವೆಲ್ ಸಬ್‌ಮರ್ಸಿಬಲ್ ಜಾಸ್ತಿ, ಜೊತೆಗೆ ಮಾನೋಬ್ಲಾಕ್, ಹಿಟ್ಟಿನ ಗಿರಣಿ ಮೋಟಾರ್, ಬೇಸಿಗೆ ಬಂದ್ರೆ ಫ್ಯಾನು, ಕೂಲರು. ಓದಿದ್ದು ಎಸ್ಸೆಸ್ಸೆಲ್ಸಿ, ಆಮೇಲೆ ಐಟಿಐ.

ಮಗಳು ಸೆಕೆಂಡ್ ಪಿಯುಸಿ ಸೈನ್ಸ್. ಮೊನ್ನೆ ಮಧ್ಯಾಹ್ನ ಬುತ್ತಿ ತಂದೋಳು ಅಲ್ಲೇ ಸ್ಟೂಲ್ ಮೇಲೆ ಕೂತ್ಲು. ನಾನು ಗಿರಣಿದೊಂದು ಏಳೂವರೆ ಎಚ್‌ಪಿ ಸ್ಟೇಟರ್ ಬಿಚ್ಚುತಿದ್ದೆ. ಎರಡು ಫೇಸಿನ ಕಾಯಿಲ್ ಕರ್ರಗೆ ಇದ್ದಿಲಾಗಿತ್ತು, ಮೂರನೇದು ಹೊಸದರಂಗೆ ಹೊಳೀತಿತ್ತು. ಅಂದ್ರೆ ಸಿಂಗಲ್ ಫೇಸಿಂಗ್. ಲೈನಲ್ಲಿ ಒಂದು ಫ್ಯೂಸ್ ಹೋಗೈತೆ, ಗಿರಣಿಯವನು ನೋಡ್ದೆ ಓಡ್ಸಿದಾನೆ. ಸ್ಲಾಟ್ ಪೇಪರ್ ಮುಟ್ಟಿದ್ರೆ ಪುಡಿಪುಡಿ. ಸುಟ್ಟ ವಾರ್ನಿಶ್ ವಾಸನೆಗೆ ಅವಳು ವೇಲು ಮೂಗಿಗೆ ಹಿಡ್ಕೊಂಡು, "ಅಪ್ಪಾ, ರೆಸಿಸ್ಟೆನ್ಸೇ ಇಲ್ಲದ ವೈರ್ ಐತೆ ಗೊತ್ತಾ? ಅದು ಬೆಚ್ಚಗೂ ಆಗಲ್ಲ. ಅದರಲ್ಲೇ ಕಾಯಿಲ್ ಸುತ್ತಿ ಸ್ವಿಟ್ಜರ್‌ಲೆಂಡ್ ಹತ್ರ ನೆಲದೊಳಗೆ 27 ಕಿಲೋಮೀಟರ್ ಸುತ್ತಳತೆ ಮಿಷಿನ್ ಕಟ್ಟಿದಾರೆ" ಅಂದ್ಲು.

ನಾನು ನಂಬಲಿಲ್ಲ. ವೈರ್ ಅಂದ ಮೇಲೆ ಬಿಸಿಯಾಗಲೇಬೇಕು. ದಪ್ಪ ಗೇಜ್ ಹಾಕಿದ್ರೆ ಕಮ್ಮಿ ಬಿಸಿ, ಸಣ್ಣ ಗೇಜ್ ಹಾಕಿದ್ರೆ ಜಾಸ್ತಿ ಬಿಸಿ, ಅಷ್ಟೇ. ಇಷ್ಟು ವರ್ಷ ನಾನು ಕಂಡಿದ್ದು ಅದು. ಅವಳು ಪುಸ್ತಕ ತಂದು ತೋರ್ಸಿದ್ಲು. ಅದರಲ್ಲಿ ನಾಕು ಸಾಲು ಇತ್ತು, ನನಗೆ ಸಾಲ್ದು.

ಅದಕ್ಕೇ ಇಲ್ಲಿ ಕೇಳ್ತಿದೀನಿ. ಸೊನ್ನೆ ಅಂದ್ರೆ ಪೂರ್ತಿ ಸೊನ್ನೇನಾ, ಅಥವಾ ಮೀಟರಿಗೆ ಸಿಗದಷ್ಟು ಸಣ್ಣದಾ? ನಿಜವಾಗಿದ್ರೆ ಯಾಕೆ ಯಾವ ಮೋಟಾರಿಗೂ ಅದನ್ನ ಸುತ್ತಲ್ಲ? ನಮ್ಮ ರೈತರ ಅರ್ಧ ಸಾಲ ಮೋಟಾರ್ ಸುಟ್ಟೇ ಆಗಿರೋದು.

ಇನ್ನೊಂದೈತೆ, ನನಗೆ ಅದೇ ಮುಖ್ಯ. ಆ 27 ಕಿಲೋಮೀಟರ್ ಮಿಷಿನ್ನಿಗೆ ಒಂದೇ ವೈರ್ ಎಳೆಯೋಕೆ ಆಗಲ್ಲ, ಜಾಯಿಂಟ್ ಇರಲೇಬೇಕು. ಆ ಜಾಯಿಂಟ್ ಹೆಂಗೆ ಹಾಕ್ತಾರೆ? ನನ್ನ ಅನುಭವದಲ್ಲಿ ವೈರ್ ಹೋಗೋದು ಕಮ್ಮಿ, ಹೋಗೋದು ಜಾಯಿಂಟು. ಹೋದ ವರ್ಷ ಭರಮಸಾಗರ ಕಡೆ ಒಬ್ಬರ ಬೋರಿಗೆ 640 ಅಡಿಗೆ ಮೋಟಾರ್ ಇಳಿಸಿದ್ವಿ. ಕೇಬಲ್ ಜಾಯಿಂಟ್ ಹಾಕಿದ್ದು ನಮ್ಮ ಹುಡುಗ, ಮಳೆ ಬರೋ ಹಂಗಿತ್ತು ಅಂತ ಅವಸರ ಮಾಡಿದ, ನಾನೂ ಮತ್ತೆ ಕೈಯಾಡಿಸಿ ನೋಡಲಿಲ್ಲ. ಟೇಪ್ ಒಳಗೆ ನೀರು ಹೋಯ್ತು. ಆರನೇ ದಿನಕ್ಕೆ ಮೋಟಾರ್ ಸತ್ತಿತು. ಈರುಳ್ಳಿ ಗೆಡ್ಡೆ ಕಟ್ಟೋ ಹೊತ್ತು. ಮೋಟಾರ್ ನಾನೇ ದುಡ್ಡಿಲ್ದೆ ಸುತ್ತಿಕೊಟ್ಟೆ, ಎತ್ತಿ ಇಳಿಸೋ ಕೂಲಿನೂ ನಾನೇ ಕೊಟ್ಟೆ. ಆದ್ರೆ ಹನ್ನೊಂದು ದಿನ ನೀರಿಲ್ದೆ ಒಣಗಿದ ಮಡಿಗಳನ್ನ ಕೊಡೋಕಾಗಲಿಲ್ಲ. ಅವತ್ತಿಂದ ಯಾವ ಜಾಯಿಂಟನ್ನೂ ನಾನು ನೋಡದೆ ಕೆಳಗೆ ಬಿಡಲ್ಲ.

ತಿಳಿದೋರು ದಯವಿಟ್ಟು ಬಿಡಿಸಿ ಹೇಳಿ. ಸೂತ್ರ ಬಂದ್ರೂ ಪರವಾಗಿಲ್ಲ, ಮಗಳು ಐದಾಳೆ.


ಎಂಆರ್‌ಐ ಸರ್ವಿಸ್, ದಾವಣಗೆರೆ:

ಅಣ್ಣಾ, ನಿಮ್ಮ ಮಗಳು ಹೇಳಿದ್ದು ನಿಜ. ಸ್ವಿಟ್ಜರ್‌ಲೆಂಡ್‌ಗೆ ಹೋಗೋದೇ ಬೇಡ. ದಾವಣಗೆರೆಯಲ್ಲಿ ಯಾವ ದೊಡ್ಡ ಎಂಆರ್‌ಐ ಸ್ಕ್ಯಾನಿಂಗ್ ಸೆಂಟರಿಗೆ ಹೋದರೂ ಆ ವೈರ್ ಅಲ್ಲೇ ಗೋಡೆಯ ಆಚೆ ಇರುತ್ತೆ. ನಾನು ಹದಿಮೂರು ವರ್ಷದಿಂದ ದಾವಣಗೆರೆ, ಶಿವಮೊಗ್ಗ, ನಿಮ್ಮ ದುರ್ಗದ ಕಡೆ ಆ ಮಿಷಿನ್‌ಗಳನ್ನೇ ನೋಡಿಕೊಳ್ತಿದೀನಿ.

1.5 ಟೆಸ್ಲಾ (ಟೆಸ್ಲಾ ಅಂದರೆ ಅಯಸ್ಕಾಂತ ಬಲದ ಅಳತೆ) ಎಂಆರ್‌ಐ ಒಳಗಿರೋದು ಒಂದು ದೊಡ್ಡ ಕಾಯಿಲ್. ನಯೋಬಿಯಂ ಮತ್ತು ಟೈಟಾನಿಯಂ ಬೆರೆಸಿದ ಲೋಹದ ವೈರ್, ದ್ರವ ಹೀಲಿಯಂನಲ್ಲಿ ಮುಳುಗಿರುತ್ತೆ, ಸೊನ್ನೆಗಿಂತ 269 ಡಿಗ್ರಿ ಕೆಳಗೆ. ಮಿಷಿನ್ ಕೂರಿಸೋ ದಿನ ನಾವು ಹೊರಗಿನಿಂದ ಪವರ್ ಸಪ್ಲೈ ಹಾಕಿ ನಿಧಾನಕ್ಕೆ ಕರೆಂಟ್ ಏರಿಸ್ತೀವಿ, ಕೆಲವು ನೂರು ಆಂಪಿಯರ್ ತನಕ. ಆಮೇಲೆ ಮಾಡೋ ಕೆಲಸ ನಿಮಗೆ ಇಷ್ಟ ಆಗುತ್ತೆ. ಕಾಯಿಲಿನ ಎರಡು ತುದಿಗೆ ಅಡ್ಡವಾಗಿ ಅದೇ ಜಾತಿಯ ವೈರಿನ ಒಂದು ತುಂಡು ಇರುತ್ತೆ, ಅದಕ್ಕೊಂದು ಸಣ್ಣ ಹೀಟರ್. ಹೀಟರ್ ಹಾಕಿರೋ ತನಕ ಆ ತುಂಡು ಬೆಚ್ಚಗಿದ್ದು ಕರೆಂಟಿಗೆ ಅಡ್ಡ ನಿಲ್ಲುತ್ತೆ, ಕರೆಂಟ್ ಕಾಯಿಲಿಗೆ ಹೋಗುತ್ತೆ. ಬೇಕಾದಷ್ಟು ಏರಿದ ಮೇಲೆ ಹೀಟರ್ ಆರಿಸ್ತೀವಿ. ತುಂಡು ತಣ್ಣಗಾಗಿ ಅದೂ ಸೊನ್ನೆ ಆಗುತ್ತೆ. ಈಗ ಕಾಯಿಲ್ ತನ್ನೊಳಗೇ ಮುಚ್ಚಿದ ಬಳೆ ಇದ್ದಂಗೆ. ಪವರ್ ಸಪ್ಲೈ ಬಿಚ್ಚಿ ವ್ಯಾನಿಗೆ ಹಾಕಿಕೊಂಡು ಮನೆಗೆ ಬರ್ತೀವಿ.

ಆ ಕರೆಂಟ್ ಸುತ್ತುತ್ತಲೇ ಇರುತ್ತೆ. ಬೆಸ್ಕಾಂ ಲೈನ್ ಹೋಗಲಿ, ಜನರೇಟರ್ ನಿಲ್ಲಲಿ, ಅದಕ್ಕೆ ಗೊತ್ತೇ ಆಗಲ್ಲ. ನಾನೇ ಏರಿಸಿಕೊಟ್ಟ ಒಂದು ಮ್ಯಾಗ್ನೆಟ್ ಒಂಬತ್ತನೇ ವರ್ಷಕ್ಕೂ ಮತ್ತೆ ಕರೆಂಟ್ ತುಂಬಿಸದೆ ಕೆಲಸ ಮಾಡ್ತಿದೆ. ಹಾಗಾಗಿ ಸೊನ್ನೆಯಾ ಸಣ್ಣದಾ ಅನ್ನೋದಕ್ಕೆ ನಿಮ್ಮ ಮೀಟರ್ ಬೇಡ. ಚೂರೇ ಚೂರು ರೆಸಿಸ್ಟೆನ್ಸ್ ಇದ್ದಿದ್ದರೂ ಇಷ್ಟರಲ್ಲಿ ಆ ಕರೆಂಟ್ ಕರಗಿ ಹೋಗಬೇಕಿತ್ತು.

ಮೋಟಾರಿಗೆ ಯಾಕಿಲ್ಲ ಅಂದರೆ ಮೊದಲ ಉತ್ತರ ಹೀಲಿಯಂ. ನಮ್ಮಲ್ಲಿ ಚಿಲ್ಲರ್ ನಿಂತು, ಹೀಲಿಯಂನ ತಣ್ಣಗಿಡೋ ಕೋಲ್ಡ್ ಹೆಡ್ ನಿಂತರೆ ನನಗೆ ರಾತ್ರಿ ಎರಡು ಗಂಟೆಗೂ ಫೋನ್ ಬರುತ್ತೆ. ಟ್ಯಾಂಕಿನೊಳಗೆ ಒತ್ತಡ ಏರುತ್ತಾ ಹೋಗುತ್ತೆ, ಹೀಲಿಯಂ ಕುದಿಯುತ್ತೆ. ವೈರಿನ ಒಂದು ಜಾಗ ಬೆಚ್ಚಗಾದರೆ ಸಾಕು, ಅಲ್ಲಿ ರೆಸಿಸ್ಟೆನ್ಸ್ ವಾಪಸ್ ಬರುತ್ತೆ, ಅಲ್ಲಿಂದ ಶಾಖ ಪಕ್ಕಕ್ಕೆ ಹಬ್ಬುತ್ತೆ, ಕ್ಷಣದಲ್ಲಿ ಇಡೀ ಕಾಯಿಲ್ ಮಾಮೂಲಿ ವೈರ್ ಆಗಿಬಿಡುತ್ತೆ. ಇದಕ್ಕೆ ಕ್ವೆಂಚ್ ಅಂತೀವಿ. ನಾನು ಒಂದೇ ಒಂದು ಸಲ ಎದುರಿಗೆ ನಿಂತು ನೋಡಿದೀನಿ. ಮೊದಲು ಕೋಣೆಯೊಳಗಿನಿಂದ ದೊಡ್ಡ ಪ್ರೆಷರ್ ಕುಕ್ಕರ್ ಸೀಟಿ ನಿಲ್ಲದೇ ಹೊಡೆದಂಗೆ ಸದ್ದು. ಓಡಿ ಹೊರಗೆ ಬಂದು ನೋಡಿದರೆ ತಾರಸಿ ಮೇಲಿನ ಪೈಪಿನಿಂದ ಬೆಳ್ಳಗೆ ಮಂಜು ಮರದ ಎತ್ತರಕ್ಕೆ ಹೋಗ್ತಿತ್ತು. ಒಂದು ಲೀಟರ್ ದ್ರವ ಹೀಲಿಯಂ ಅನಿಲ ಆದರೆ 700 ಲೀಟರ್ ದಾಟುತ್ತೆ, ಅದಕ್ಕೇ ಆ ಪೈಪ್ ಇರೋದು. ಪೈಪಿನ ಬಾಯಲ್ಲಿ ಹಿಮ ಕಟ್ಟಿ ಗಡ್ಡ ಬಿಟ್ಟಂಗೆ ಇಳಿದಿತ್ತು. ಬೇಸಿಗೆಯ ಮಧ್ಯಾಹ್ನ, ಹದಡಿ ರಸ್ತೆಯ ಬಿಸಿಲಲ್ಲಿ.

ಇದನ್ನ 640 ಅಡಿ ಕೆಳಗೆ ಇಳಿಸೋದು ಹೇಗೆ ಹೇಳಿ. ಬೋರ್ ನೀರು 28 ಡಿಗ್ರಿ ಅಂದರೆ ಆ ವೈರಿನ ಲೆಕ್ಕಕ್ಕೆ ಅದು ಕುಲುಮೆ.

ಜಾಯಿಂಟ್ ಬಗ್ಗೆ ನನಗೆ ಹೇಳೋ ಅಧಿಕಾರ ಇಲ್ಲ, ನಮ್ಮದು ಫ್ಯಾಕ್ಟರಿಯಲ್ಲೇ ಸೀಲ್ ಆಗಿ ಬರುತ್ತೆ. ಇಲ್ಲೊಬ್ಬರು ಹೊಸದುರ್ಗದ ಹಿರಿಯರು ಇದಾರೆ, ಅವರು ಬರೆದರೆ ಚೆನ್ನ.


ಹೊಸದುರ್ಗದವರು:

ವೈಂಡರ್ ತಮ್ಮಾ, ನಿಮ್ಮ ಮೂರನೇ ಪ್ರಶ್ನೆ ಓದಿದ ಮೇಲೆ ಎರಡು ದಿನ ಅದೇ ಧ್ಯಾನದಲ್ಲಿದ್ದೆ. ಕೋಲ್ಕತ್ತದ ಸೈಕ್ಲೋಟ್ರಾನ್ (ಕಣಗಳನ್ನು ಸುತ್ತಿಸಿ ವೇಗ ಕೊಡುವ ಯಂತ್ರ) ಕೇಂದ್ರದಲ್ಲಿ ಹೀಲಿಯಂ ಪ್ಲಾಂಟಿನ ಕೆಲಸ ಮಾಡಿ ನಿವೃತ್ತನಾಗಿ ಈಗ ಊರಲ್ಲಿ ತೆಂಗು ನೋಡಿಕೊಂಡಿದ್ದೇನೆ. ಅಲ್ಲಿಗೆ ಬಂದು ಹೋದ ಎಷ್ಟೋ ಜನ ಯಂತ್ರ ಎಷ್ಟು ದೊಡ್ಡದು, ಎಷ್ಟು ಖರ್ಚಾಯಿತು ಎಂದು ಕೇಳಿದ್ದಾರೆ. ಜಾಯಿಂಟ್ ಹೇಗೆ ಹಾಕುತ್ತಾರೆ ಎಂದು ಕೇಳಿದವರು ನೀವೇ ಮೊದಲು.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ಹಾಲೆಂಡಿನ ಲೈಡನ್ ಊರಿನಲ್ಲಿ ಕಾಮರ್ಲಿಂಗ್ ಓನೆಸ್ ಎಂಬ ವಿಜ್ಞಾನಿ 1908ರಲ್ಲಿ ಮೊದಲ ಬಾರಿಗೆ ಹೀಲಿಯಂ ಅನಿಲವನ್ನು ದ್ರವ ಮಾಡಿದರು. ಅಷ್ಟು ತಣ್ಣಗಿನ ದ್ರವ ಕೈಗೆ ಸಿಕ್ಕ ಮೇಲೆ ಲೋಹಗಳನ್ನು ಅದರಲ್ಲಿ ಅದ್ದಿ ರೆಸಿಸ್ಟೆನ್ಸ್ ಅಳೆಯುತ್ತಾ ಹೋದರು. 1911ರ ಏಪ್ರಿಲ್ 8ರಂದು ಪಾದರಸ ಅದ್ದಿದರು. 4.2 ಕೆಲ್ವಿನ್ (ಸೊನ್ನೆಗಿಂತ 269 ಡಿಗ್ರಿ ಕೆಳಗೆ) ಹತ್ತಿರ ರೆಸಿಸ್ಟೆನ್ಸ್ ಇಳಿಯಲಿಲ್ಲ, ಮಾಯವಾಯಿತು. ಪಾದರಸ ಹೆಚ್ಚುಕಡಿಮೆ ಸೊನ್ನೆ ಎಂದು ಅವರ ನೋಟ್‌ಬುಕ್ಕಿನಲ್ಲಿದೆ. ಆ ಮನುಷ್ಯನಿಗೂ ಕೂಡಲೇ ನಿಮಗೆ ಬಂದ ಯೋಚನೆಯೇ ಬಂತು, ಇದರಲ್ಲಿ ಕಾಯಿಲ್ ಸುತ್ತೋಣ ಎಂದು. ಸೀಸದ ತಂತಿ ಸುತ್ತಿ ನೋಡಿದರು. ಕರೆಂಟ್ ಸ್ವಲ್ಪ ಏರಿಸಿದ್ದೇ ತಡ, ಸೊನ್ನೆ ಹೋಗಿ ರೆಸಿಸ್ಟೆನ್ಸ್ ವಾಪಸ್ ಬಂತು. ಕಾಯಿಲಿನಿಂದ ಹುಟ್ಟಿದ ಅಯಸ್ಕಾಂತ ಬಲವೇ ಅದರ ಶತ್ರು.

ಅಂದರೆ ಈ ವೈರಿಗೆ ಮೂರು ಕಡೆ ಬೇಲಿ. ಬಿಸಿ ಒಂದು ಮಿತಿ ದಾಟಬಾರದು, ಅಯಸ್ಕಾಂತ ಬಲ ಒಂದು ಮಿತಿ ದಾಟಬಾರದು, ಕರೆಂಟ್ ಒಂದು ಮಿತಿ ದಾಟಬಾರದು. ಒಂದು ಬೇಲಿಯ ಹತ್ತಿರ ಹೋದಷ್ಟೂ ಉಳಿದೆರಡು ಒಳಗೆ ಸರಿಯುತ್ತವೆ. ಬಲವಾದ ಅಯಸ್ಕಾಂತ ತಡೆಯುವ ಲೋಹ ಸಿಕ್ಕಿ, ಅದನ್ನು ವೈರಾಗಿ ಎಳೆಯುವುದು ಕಲಿತು, ಕಣಗಳನ್ನು ಓಡಿಸುವ ವೇಗವರ್ಧಕ ಯಂತ್ರದ ಉಂಗುರಕ್ಕೆ ಸುತ್ತುವ ಹೊತ್ತಿಗೆ 1983 ಆಗಿತ್ತು. ಅದು ಅಮೆರಿಕದ ಫರ್ಮಿಲ್ಯಾಬಿನ ಟೆವಾಟ್ರಾನ್. ನಿಮ್ಮ ಮಗಳು ಹೇಳಿದ 27 ಕಿಲೋಮೀಟರ್ ಯಂತ್ರದ ಹೆಸರು ಎಲ್‌ಎಚ್‌ಸಿ (ಲಾರ್ಜ್ ಹ್ಯಾಡ್ರಾನ್ ಕೊಲೈಡರ್), ಅದು ಇದರ ನಂತರದ್ದು.

ಅಷ್ಟು ಬಲ ಯಾಕೆ ಬೇಕು ಎಂದರೆ, ಬೆಳಕಿನ ವೇಗಕ್ಕೆ ಹತ್ತಿರ ಓಡುವ ಪ್ರೋಟಾನನ್ನು ಬಾಗಿಸಿ ಬಾಗಿಸಿ ಅದೇ ಉಂಗುರದಲ್ಲಿ ತಿರುಗಿಸಬೇಕು. ಕಬ್ಬಿಣದ ತಿರುಳಿಗೆ ತಾಮ್ರ ಸುತ್ತಿದ ಮ್ಯಾಗ್ನೆಟ್ 2 ಟೆಸ್ಲಾ ಸುಮಾರಿಗೆ ಸುಸ್ತಾಗುತ್ತದೆ, ಕಬ್ಬಿಣ ಸ್ಯಾಚುರೇಟ್ ಆಗುತ್ತದೆ, ನಿಮಗೆ ಗೊತ್ತು. ಎಲ್‌ಎಚ್‌ಸಿಯ ಮ್ಯಾಗ್ನೆಟ್ 8.33 ಟೆಸ್ಲಾಕ್ಕೆ ಕಟ್ಟಿದ್ದು. ಮಾಮೂಲಿ ಮ್ಯಾಗ್ನೆಟ್ ಹಾಕಿದ್ದರೆ ಅದೇ ಶಕ್ತಿಗೆ 120 ಕಿಲೋಮೀಟರ್ ಉಂಗುರ ಬೇಕಿತ್ತು. ನಮ್ಮ ಲೆಕ್ಕದಲ್ಲಿ ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೋಗಿ ಬಂದಷ್ಟು ದಾರಿ. ಈ ವೈರಿನಿಂದಾಗಿ ಅದು ದಾವಣಗೆರೆಯಿಂದ ಹರಿಹರಕ್ಕೆ ಹೋಗಿ ಬಂದಷ್ಟಕ್ಕೆ ಇಳಿಯಿತು.

ಅಲ್ಲಿ ಬಾಗಿಸುವ ಮ್ಯಾಗ್ನೆಟ್ 1,232. ಒಂದೊಂದೂ 15 ಮೀಟರ್ ಉದ್ದ. ವೈರಿನ ಎಳೆ ನಿಮ್ಮ 21 ಗೇಜ್ ಸುಮಾರಿನದು ಒಂದು, ಅದಕ್ಕಿಂತ ಚೂರು ದಪ್ಪದ್ದು ಇನ್ನೊಂದು. ಹೊರಗೆ ನೋಡಿದರೆ ತಾಮ್ರ. ಒಳಗೆ ಆರು ಸಾವಿರಕ್ಕೂ ಹೆಚ್ಚು ನಯೋಬಿಯಂ-ಟೈಟಾನಿಯಂ ತಂತುಗಳು, ಒಂದೊಂದೂ ತಲೆಕೂದಲಿನ ಹತ್ತನೇ ಒಂದು ಭಾಗ ದಪ್ಪ. ಅಂಥ ಎಳೆ 28 ಅಥವಾ 36 ಸೇರಿಸಿ ಹೆಣೆದು ಪಟ್ಟಿ ಮಾಡುತ್ತಾರೆ, 15 ಮಿಲಿಮೀಟರ್ ಅಗಲ. ನಿಮ್ಮ ಏಳೂವರೆ ಎಚ್‌ಪಿ ಎಳೆಯುವುದು ಹತ್ತು ಹದಿನೈದು ಆಂಪ್ ಇರಬಹುದು. ಈ ಪಟ್ಟಿಯಲ್ಲಿ ಹರಿಯುವುದು 11,850.

ತಾಮ್ರ ಯಾಕೆ ಎಂದು ಕೇಳುತ್ತೀರಿ. ಎಲ್ಲ ಸರಿಯಿದ್ದಾಗ ತಾಮ್ರಕ್ಕೆ ಅಲ್ಲಿ ಕೆಲಸವಿಲ್ಲ. ಕ್ವೆಂಚ್ ಆದ ಕ್ಷಣ ನಯೋಬಿಯಂ-ಟೈಟಾನಿಯಂ ತಾಮ್ರಕ್ಕಿಂತ ತೀರಾ ಕೆಟ್ಟ ವಾಹಕವಾಗಿಬಿಡುತ್ತದೆ, ಆಗ ಅಷ್ಟೂ ಕರೆಂಟಿಗೆ ಅಡ್ಡದಾರಿ ಕೊಡುವುದು ತಾಮ್ರ. ತಾಮ್ರ ಇಲ್ಲದಿದ್ದರೆ ವೈರ್ ಅಲ್ಲೇ ಕರಗಿ ಹೋಗುತ್ತದೆ.

ಇನ್ನು ಸುತ್ತುವುದು. ನೀವು ವಾರ್ನಿಶ್ ಹೊಯ್ಯುವುದು ಎಳೆ ಅಲುಗಬಾರದೆಂದು. ಅಲ್ಲಿಯೂ ಅದೇ ಚಿಂತೆ, ಸಾವಿರ ಪಾಲು ಹೆಚ್ಚು. ಪೂರ್ತಿ ಕರೆಂಟಿನಲ್ಲಿ ಕಾಯಿಲ್ ಹೊರಕ್ಕೆ ಸಿಡಿಯಲು ನೋಡುವ ಬಲ ಒಂದು ಮೀಟರ್ ಉದ್ದಕ್ಕೆ ನೂರಾರು ಟನ್. ಪಾಲಿಇಮೈಡ್ ಟೇಪ್ ಸುತ್ತಿ, ಒತ್ತಿ ಕಾಯಿಸಿ ಅಂಟಿಸಿ, ಸ್ಟೀಲ್ ಕಾಲರುಗಳಿಂದ ಬಿಗಿಯುತ್ತಾರೆ. ಅಷ್ಟಾದರೂ ಒಂದು ಎಳೆ ಕೂದಲೆಳೆಯಷ್ಟು ಜಾರಿದರೆ, ಆ ಉಜ್ಜಾಟದ ಬಿಸಿಯೇ ಕ್ವೆಂಚ್ ಮಾಡಿಸಲು ಸಾಕು. ಹೊಸ ಮ್ಯಾಗ್ನೆಟ್ ಮೊದಲ ಸಲಕ್ಕೇ ಪೂರ್ತಿ ಕರೆಂಟ್ ಹೊರುವುದಿಲ್ಲ. ಕ್ವೆಂಚ್ ಆಗಿ, ಎಳೆ ತನ್ನ ಜಾಗ ಹಿಡಿದು ಕೂತು, ಮುಂದಿನ ಸಲ ಇನ್ನೂ ಸ್ವಲ್ಪ ಮೇಲೆ ಹೋಗುತ್ತದೆ. ಹೋರಿ ಪಳಗಿಸಿದ ಹಾಗೆ. ಕೋಲ್ಕತ್ತದ ಸೈಕ್ಲೋಟ್ರಾನಿನ ಕಾಯಿಲ್ ಅಲ್ಲೇ ಸುತ್ತಿದ್ದು. ಆ ದಿನಗಳಲ್ಲಿ ಸುತ್ತುವ ಕೋಣೆಗೆ ನಾವು ಚಪ್ಪಲಿ ಬಿಟ್ಟು ಹೋಗುತ್ತಿದ್ದೆವು. ಒಂದು ಲೋಹದ ಚೂರು ಎರಡು ಸುತ್ತಿನ ನಡುವೆ ಕೂತರೂ ಆಮೇಲೆ ತೆಗೆಯಲು ದಾರಿಯಿಲ್ಲ.

ಈಗ ಜಾಯಿಂಟ್. ಮ್ಯಾಗ್ನೆಟ್ಟಿನಿಂದ ಮ್ಯಾಗ್ನೆಟ್ಟಿಗೆ ಕರೆಂಟ್ ಒಯ್ಯುವ ಪಟ್ಟಿಗಳಿಗೆ ಎಲ್‌ಎಚ್‌ಸಿಯಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜಾಯಿಂಟ್ ಇವೆ. ಎರಡು ತುದಿಯನ್ನು ಒಂದರ ಮೇಲೊಂದು ಇಟ್ಟು, ತವರ-ಬೆಳ್ಳಿ ಬೆಸುಗೆ ಹಾಕಿ, ಸುತ್ತ ತಾಮ್ರದ ಹೊದಿಕೆ ಕೊಡುತ್ತಾರೆ. ಅಷ್ಟು ಕರೆಂಟಿನಲ್ಲಿ ಬೆಸುಗೆ ಸೂಪರ್‌ಕಂಡಕ್ಟರ್ (ಸೊನ್ನೆ ರೆಸಿಸ್ಟೆನ್ಸಿನ ವಸ್ತು) ಅಲ್ಲ. ಆದ್ದರಿಂದ ಆ ಜಾಗದಲ್ಲಿ ಪೂರ್ತಿ ಸೊನ್ನೆ ಸಿಗುವುದಿಲ್ಲ. ಒಳ್ಳೆಯ ಜಾಯಿಂಟಿನ ರೆಸಿಸ್ಟೆನ್ಸ್ ಒಂದು ನ್ಯಾನೋ ಓಮಿಗಿಂತ ಕಡಿಮೆ, ಅಂದರೆ ಓಮಿನ ನೂರು ಕೋಟಿಯ ಒಂದು ಪಾಲೂ ಇಲ್ಲ.

2008ರ ಸೆಪ್ಟೆಂಬರ್ 10ರಂದು ಯಂತ್ರ ಶುರುವಾಯಿತು. ಒಂಬತ್ತೇ ದಿನಕ್ಕೆ, 19ರಂದು, ಒಂದು ಭಾಗದಲ್ಲಿ ಕರೆಂಟ್ ಏರಿಸುತ್ತಿದ್ದಾಗ 8,700 ಆಂಪಿಯರ್ ಹತ್ತಿರ ಎರಡು ಮ್ಯಾಗ್ನೆಟ್ ನಡುವಿನ ಒಂದು ಜಾಯಿಂಟ್ ಹೋಯಿತು. ಆ ಜಾಯಿಂಟಿನ ರೆಸಿಸ್ಟೆನ್ಸ್ ಸುಮಾರು 220 ನ್ಯಾನೋ ಓಮ್ ಇದ್ದಿರಬೇಕು ಎಂದು ತನಿಖೆಯಲ್ಲಿ ಲೆಕ್ಕ ಹಾಕಿದರು. ಮಗಳಿಂದ ಲೆಕ್ಕ ಮಾಡಿಸಿ: ಕರೆಂಟಿನ ವರ್ಗ ಗುಣಿಸು ರೆಸಿಸ್ಟೆನ್ಸ್. 17 ವ್ಯಾಟ್ ಹತ್ತಿರ ಬರುತ್ತದೆ. ಮನೆಯ ಎರಡು ಎಲ್‌ಇಡಿ ಬಲ್ಬಿನಷ್ಟು ಶಾಖ. ನಿಮ್ಮ ಅಂಗಡಿಯಲ್ಲಿ ಅಷ್ಟು ಶಾಖ ಯಾರ ಕಣ್ಣಿಗೂ ಬೀಳುವುದಿಲ್ಲ. 1.9 ಕೆಲ್ವಿನ್ನಿನಲ್ಲಿ ಅದೇ ಬೆಂಕಿ. ಜಾಯಿಂಟ್ ಕರಗಿ, ಆರ್ಕ್ ಹೊಡೆದು, ಹೀಲಿಯಂ ಕೊಳವೆ ತೂತಾಯಿತು. ಮೊದಲ ಹೊಡೆತಕ್ಕೇ ಟನ್ನುಗಟ್ಟಲೆ ಹೀಲಿಯಂ ಸುರಂಗಕ್ಕೆ ನುಗ್ಗಿತು. ಆ ಒತ್ತಡಕ್ಕೆ ಮೂವತ್ತು ಟನ್ ಮೀರಿ ತೂಗುವ ಮ್ಯಾಗ್ನೆಟ್‌ಗಳು ನೆಲಕ್ಕೆ ಬಿಗಿದ ಜಾಗದಿಂದ ಕಿತ್ತು ಬಂದವು. 53 ಮ್ಯಾಗ್ನೆಟ್ ಮೇಲಕ್ಕೆ ತರಬೇಕಾಯಿತು. ಮತ್ತೆ ಪ್ರೋಟಾನ್ ತಿರುಗಿದ್ದು 2009ರ ನವೆಂಬರಿನಲ್ಲಿ.

ಆ ಸುದ್ದಿ ಬಂದ ದಿನ ನಮ್ಮ ಪ್ಲಾಂಟಿನಲ್ಲಿ ಯಾರೂ ಜಾಸ್ತಿ ಮಾತಾಡಲಿಲ್ಲ. ಯಾರೋ ಒಬ್ಬ ಮನುಷ್ಯ ಒಂದು ದಿನ ಹಾಕಿದ ಬೆಸುಗೆ ಅದು. ಹತ್ತು ಸಾವಿರದಲ್ಲಿ ಒಂದು. ನಿಮ್ಮ ಹುಡುಗನ ವಿಷಯ ಓದಿದಾಗ ನನಗೆ ಆ ದಿನ ನೆನಪಾಯಿತು.

ಆಮೇಲೆ ಅವರು ಮಾಡಿದ್ದನ್ನು ನೀವು ಮೆಚ್ಚುತ್ತೀರಿ. ಉಳಿದ ಜಾಯಿಂಟ್‌ಗಳ ಮೇಲೆ ಪೂರ್ತಿ ಭರವಸೆ ಬರುವ ತನಕ ಯಂತ್ರವನ್ನು ಅರ್ಧ ಶಕ್ತಿಯ ಆಸುಪಾಸಿನಲ್ಲೇ ಓಡಿಸಿದರು. 2012ರ ಜುಲೈ 4ರಂದು, ದಶಕಗಳಿಂದ ಹುಡುಕುತ್ತಿದ್ದ ಹಿಗ್ಸ್ ಕಣ ಸಿಕ್ಕಿತೆಂದು ಸಾರಿದ್ದು ಹಾಗೆ ತಗ್ಗಿಸಿ ಓಡಿಸುತ್ತಿದ್ದ ಯಂತ್ರದಿಂದಲೇ. 2013ರಲ್ಲಿ ಯಂತ್ರ ನಿಲ್ಲಿಸಿ, ಹತ್ತು ಸಾವಿರ ಜಾಯಿಂಟನ್ನೂ ಒಂದೊಂದಾಗಿ ಬಿಚ್ಚಿ ನೋಡಿ, ಸಂಶಯ ಬಂದದ್ದನ್ನು ಮತ್ತೆ ಬೆಸೆದು, ಪ್ರತಿಯೊಂದಕ್ಕೂ ಅಡ್ಡಡ್ಡ ತಾಮ್ರದ ಪಟ್ಟಿ ಕೂರಿಸಿದರು, ಬೆಸುಗೆ ಕೈಕೊಟ್ಟರೂ ಕರೆಂಟಿಗೆ ಬೇರೆ ದಾರಿ ಇರಲಿ ಎಂದು. ಎರಡು ವರ್ಷ ಹಿಡಿಯಿತು.

ಮ್ಯಾಗ್ನೆಟ್‌ಗಳನ್ನು ಕೂದಲೆಳೆಯಷ್ಟು ಸರಿಸಿ ಕೂರಿಸುವ ಸುಮಾರು ಏಳು ಸಾವಿರ ಜಾಕ್‌ಗಳು ನಮ್ಮ ದೇಶದಿಂದ ಹೋದವು, ಇಂದೋರಿನ ರಾಜಾ ರಾಮಣ್ಣ ಕೇಂದ್ರದ ಮೂಲಕ. ಅಣುವಿಜ್ಞಾನಿ ರಾಮಣ್ಣ ನಮ್ಮ ತುಮಕೂರಿನವರು. ಅದೇ ಕೇಂದ್ರದ ಮೂಲಕ ಸಣ್ಣ ತಿದ್ದುವ ಸೂಪರ್‌ಕಂಡಕ್ಟಿಂಗ್ ಮ್ಯಾಗ್ನೆಟ್‌ಗಳು ಸಾವಿರಕ್ಕೂ ಹೆಚ್ಚು ಹೋದವು. ಅವನ್ನೂ ನಿಮ್ಮಂಥ ಕೈಗಳೇ ಸುತ್ತಿದ್ದು.

ನನ್ನ ಬಳಿ ಒಂದು ಗೇಣು ನಯೋಬಿಯಂ-ಟೈಟಾನಿಯಂ ಎಳೆ ಇದೆ, ನಿವೃತ್ತಿಯ ದಿನ ಹುಡುಗರು ನೆನಪಿಗೆಂದು ಕೊಟ್ಟ ಚೂರು. ಮುಂದಿನ ವಾರ ದುರ್ಗಕ್ಕೆ ಬರುವವನಿದ್ದೇನೆ. ಅಂಗಡಿಯ ಗುರುತು ಮೆಸೇಜ್ ಮಾಡಿ, ಅರ್ಧ ನಿಮಗೆ.


ಫಿಸಿಕ್ಸ್ ಮೇಡಂ, ದಾವಣಗೆರೆ:

ಹಿರಿಯರ ಉತ್ತರವನ್ನು ನನ್ನ ಪಿಯು ಮಕ್ಕಳಿಗೆ ಓದಿ ಹೇಳಿದೆ. ಮಗಳಿಗೆ ಪರೀಕ್ಷೆಯಲ್ಲೂ ಉಪಯೋಗ ಆಗಲಿ ಎಂದು ಎರಡು ಮಾತು ಸೇರಿಸುತ್ತೇನೆ.

ಮ್ಯಾಗ್ನೆಟ್ ಕಣಕ್ಕೆ ವೇಗ ಕೊಡುವುದಿಲ್ಲ. ನನ್ನ ತರಗತಿಯಲ್ಲಿ ಪ್ರತಿ ವರ್ಷ ಅರ್ಧ ಜನ ಹಾಗೆ ತಿಳಿದಿರುತ್ತಾರೆ. ಚಳ್ಳಕೆರೆ ಕಡೆಯ ಹಳೇ ಎಣ್ಣೆ ಗಾಣ ನೆನೆಸಿಕೊಳ್ಳಿ. ಎತ್ತನ್ನು ವೃತ್ತದಲ್ಲಿ ಹಿಡಿದಿಡುವುದು ನೊಗಕ್ಕೆ ಕಟ್ಟಿದ ಮರ, ನಡೆಸುವುದು ಹಿಂದಿರುವವನ ಬಾರುಕೋಲು. ಮರ ಎಷ್ಟೇ ಗಟ್ಟಿಯಿದ್ದರೂ ಎತ್ತನ್ನು ಓಡಿಸುವುದಿಲ್ಲ. ವೇಗವರ್ಧಕದಲ್ಲಿ ಬಾರುಕೋಲಿನ ಕೆಲಸ ಕ್ಯಾವಿಟಿ ಎಂಬ ಟೊಳ್ಳು ಡಬ್ಬಿಗಳದ್ದು. ಎಲ್‌ಎಚ್‌ಸಿಯಲ್ಲಿ ಅವು 16 ಮಾತ್ರ. ಒಳಗೆ ರೇಡಿಯೋ ಅಲೆ ಸೆಕೆಂಡಿಗೆ 40 ಕೋಟಿ ಸಲ ಹಿಂದೆ ಮುಂದೆ ಆಡುತ್ತಿರುತ್ತದೆ, ಪ್ರೋಟಾನ್ ಗುಂಪು ಸರಿಯಾದ ಗಳಿಗೆಗೆ ಹಾದುಹೋಗುವಾಗ ಒಂದು ತಳ್ಳು ಸಿಗುತ್ತದೆ. ಆ ಡಬ್ಬಿಯ ಒಳಮೈಗೂ ನಯೋಬಿಯಂ ಲೇಪ. ದೆಹಲಿಯ ಇಂಟರ್ ಯೂನಿವರ್ಸಿಟಿ ಆಕ್ಸಿಲರೇಟರ್ ಸೆಂಟರಿನಲ್ಲಿ ನಯೋಬಿಯಂ ಕ್ಯಾವಿಟಿಗಳನ್ನು ನಮ್ಮವರೇ ಮಾಡಿದ್ದಾರೆ.

ಎರಡನೆಯದು ಮೋಟಾರಿನ ಪ್ರಶ್ನೆ. ತಣ್ಣಗೆ ಇಡುವ ಕಷ್ಟ ಒಂದಾದರೆ, ನಿಮ್ಮ ಮೋಟಾರ್ ಓಡುವುದು ಎಸಿಯಲ್ಲಿ ಎಂಬುದು ಇನ್ನೊಂದು. ಪೂರ್ತಿ ಸೊನ್ನೆ ಸಿಗುವುದು ಒಂದೇ ದಿಕ್ಕಿನಲ್ಲಿ ಸಮನಾಗಿ ಹರಿಯುವ ಡಿಸಿಗೆ. ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಡಿದರೆ ಈ ವೈರ್ ಕೂಡ ಸ್ವಲ್ಪ ಬಿಸಿಯಾಗುತ್ತದೆ. 4.5 ಕೆಲ್ವಿನ್ನಿನಲ್ಲಿ ಹುಟ್ಟಿದ 1 ವ್ಯಾಟ್ ಬಿಸಿ ಹೊರಗೆ ಹಾಕಲು ಅತಿ ದೊಡ್ಡ ಪ್ಲಾಂಟಿನಲ್ಲೂ 200 ವ್ಯಾಟಿಗೂ ಮೇಲೆ ವಿದ್ಯುತ್ ಬೇಕು. ರೈತನಿಗೆ ಆ ಲೆಕ್ಕ ಕೂಡುವುದಿಲ್ಲ.

1986ರಲ್ಲಿ ಬೆಡ್‌ನಾರ್ಜ್ ಮತ್ತು ಮ್ಯೂಲರ್ ಹೊಸ ಬಗೆಯ ಸೆರಾಮಿಕ್‌ನಲ್ಲಿ ದಾರಿ ತೆರೆದರು. ಮರುವರ್ಷವೇ ಇಟ್ರಿಯಂ, ಬೇರಿಯಂ, ತಾಮ್ರ, ಆಮ್ಲಜನಕ ಸೇರಿದ ಪದಾರ್ಥ 93 ಕೆಲ್ವಿನ್ನಿನಲ್ಲೇ ಸೊನ್ನೆ ತಲುಪಿತು. ಅದಕ್ಕೆ ಹೀಲಿಯಂ ಬೇಡ, ದ್ರವ ಸಾರಜನಕ ಸಾಕು. ದನಗಳಿಗೆ ಇಂಜೆಕ್ಷನ್ ಕೊಡುವವರು ವೀರ್ಯ ಕಡ್ಡಿ ಇಟ್ಟುಕೊಂಡು ಬರುವ ಆ ಕ್ಯಾನಿನಲ್ಲಿ ಇರುತ್ತದಲ್ಲ, ಅದೇ. ಆದರೆ ಅದು ಪಿಂಗಾಣಿಯ ಜಾತಿ, ಬಗ್ಗಿಸಿದರೆ ಒಡೆಯುತ್ತದೆ. ತೆಳ್ಳನೆಯ ಲೋಹದ ಪಟ್ಟಿಯ ಮೇಲೆ ಲೇಪಿಸಿ ಟೇಪ್ ಮಾಡುತ್ತಾರೆ. ಎಲ್‌ಎಚ್‌ಸಿಗೆ ಹೊಸದಾಗಿ ಸುತ್ತಿದ ನಯೋಬಿಯಂ-ತವರದ ಕಾಯಿಲ್ ಕೂಡ ಹೀಗೇ ಪೆಡಸು. ಅದನ್ನು ಮೆತ್ತಗಿರುವಾಗಲೇ ಸುತ್ತಿ, ಆಮೇಲೆ 650 ಡಿಗ್ರಿ ಆಸುಪಾಸಿನಲ್ಲಿ ಬೇಯಿಸುತ್ತಾರೆ. ಹಸಿ ಮಣ್ಣಿನಲ್ಲಿ ಮಡಕೆ ತಟ್ಟಿ ಆವಿಗೆಗೆ ಇಟ್ಟ ಹಾಗೆ.

2023ರಲ್ಲಿ ಕೊರಿಯಾದಿಂದ ಎಲ್‌ಕೆ-99 ಎಂಬ ಕಲ್ಲಿನ ಚೂರು ಮಾಮೂಲಿ ಬಿಸಿಯಲ್ಲೇ ಸೂಪರ್‌ಕಂಡಕ್ಟರ್ ಎಂದು ವಾಟ್ಸಾಪಿನಲ್ಲಿ ವಿಡಿಯೋ ಓಡಾಡಿತ್ತು. ಬೇರೆ ಬೇರೆ ಪ್ರಯೋಗಾಲಯಗಳು ಮಾಡಿ ನೋಡಿದಾಗ ಅಲ್ಲವೆಂದು ತಿಳಿಯಿತು. ರೆಸಿಸ್ಟೆನ್ಸ್ ಥಟ್ಟನೆ ಇಳಿದದ್ದು ಅದರೊಳಗೆ ಉಳಿದಿದ್ದ ತಾಮ್ರದ ಸಲ್ಫೈಡ್ ಕಲ್ಮಶದಿಂದ. ಮಗಳು ಆ ವಿಡಿಯೋ ತೋರಿಸಿದರೆ ನಂಬಬೇಡಿ.


ದುರ್ಗದ ವೈಂಡರ್:

ಎಲ್ಲರಿಗೂ ಕೈ ಮುಗೀತೀನಿ. ಪೂರ್ತಿ ಮೂರು ಸಲ ಓದಿದೆ, ಜಾಯಿಂಟ್ ಭಾಗ ನಮ್ಮ ಹುಡುಗನಿಗೂ ಓದಿಸಿದೆ. ಅವನು ಏನೂ ಮಾತಾಡಲಿಲ್ಲ. ಸಂಜೆ ಹೋಗೋ ಮುಂಚೆ ಅವತ್ತು ಹಾಕಿದ್ದ ಎರಡು ಜಾಯಿಂಟನ್ನ ತಾನೇ ಬಿಚ್ಚಿ ಮತ್ತೆ ಹಾಕಿ, ಬಕೆಟ್ ನೀರಲ್ಲಿ ಮುಳುಗ್ಸಿ, ಇನ್ಸುಲೇಷನ್ ಅಳೆಯೋ ಮೆಗ್ಗರ್ ಇಟ್ಟು ತೋರ್ಸಿ ಹೋದ.

ಹೊಸದುರ್ಗದ ಹಿರಿಯರು ಮೊನ್ನೆ ಅಂಗಡಿಗೆ ಬಂದಿದ್ರು. ಟೀ ಕುಡಿದು, ಒಂದು ಗಂಟೆ ಕೂತು, ನಾನು ಸ್ಲಾಟಿಗೆ ಕಾಯಿಲ್ ಇಳಿಸೋದನ್ನೇ ನೋಡ್ತಾ ಇದ್ರು. ಹೋಗುವಾಗ ಪೇಪರಲ್ಲಿ ಸುತ್ತಿದ ಆ ಎಳೆ ಕೊಟ್ರು. ಮೈಕ್ರೋಮೀಟರ್ ಹಾಕಿ ನೋಡಿದೆ, 0.82 ಬಂತು. 21 ಗೇಜ್ ಅಂದಿದ್ದು ಸರಿ. ಕೈಗೆ ಮಾತ್ರ ತಾಮ್ರದಂಗೆ ಇಲ್ಲ. ಬಗ್ಗಿಸಿದ್ರೆ ವಾಪಸ್ ಚಿಮ್ಮುತ್ತೆ, ಸ್ಪ್ರಿಂಗಿನ ಗುಣ ಐತೆ. ಇದನ್ನ ಸ್ಲಾಟಲ್ಲಿ ಕೂರಿಸೋರ ಬೆರಳು ಎಂಥಾವಿರಬೇಕು ಅನ್ನಿಸ್ತು.

ಅವತ್ತು ರಾತ್ರಿ ಮಗಳು ಬಿಡಲಿಲ್ಲ. ಸರ್ಕ್ಯೂಟ್ ಬೋರ್ಡ್ ಮಾಡೋರು ತಾಮ್ರ ತಿನ್ನಿಸೋಕೆ ಫೆರಿಕ್ ಕ್ಲೋರೈಡ್ ಬಳಸ್ತಾರಲ್ಲ, ಅದನ್ನ ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ ತಂದಿದ್ಲು. ಗ್ಲೌಸ್ ಹಾಕ್ಕೊಂಡು, ಹಿತ್ತಲಲ್ಲಿ, ಗಾಜಿನ ಲೋಟದಲ್ಲಿ ಎಳೆಯ ತುದಿ ಒಂದಿಂಚು ಮುಳುಗ್ಸಿ ಇಟ್ವಿ. ಊಟ ಮುಗಿಸಿ ಬಂದು ನೋಡಿದ್ರೂ ತಾಮ್ರ ಹಂಗೇ ಇತ್ತು. ಲೋಟನ ಬಿಸಿನೀರಿನ ಪಾತ್ರೆಯಲ್ಲಿ ಕೂರಿಸಿ ಮತ್ತೆ ಕಾದ್ವಿ. ಹನ್ನೊಂದೂವರೆಗೆ ಎತ್ತಿ ನೀರಲ್ಲಿ ತೊಳೆದಾಗ ತುದಿಯಲ್ಲಿ ತಾಮ್ರ ಇರಲಿಲ್ಲ. ಬೂದು ಬಣ್ಣದ ಕುಚ್ಚು. ನೀರೊಳಗೆ ಇಟ್ರೆ ಅರಳುತ್ತೆ, ಮೇಲೆತ್ತಿದ್ರೆ ಒಂದಕ್ಕೊಂದು ಅಂಟಿ ಸೂಜಿಮೊನೆ ಆಗುತ್ತೆ. ನಮ್ಮವ್ವ ಚಳ್ಳಕೆರೆ ಕಡೆಯೋಳು, ಕಂಬಳಿ ನೂತ ಮನೆತನ. ಮಂಚದ ಮೇಲಿಂದಲೇ ಕೈ ಚಾಚಿ ಇಸ್ಕೊಂಡು, ಎರಡು ಬೆರಳಲ್ಲಿ ಹಿಸುಕಿ ನೋಡಿ, "ಇದು ಮರಿ ಕುರಿ ಉಣ್ಣೆಗಿಂತ ಸಣ್ಣ ಐತಲ್ಲೋ, ಯಾರು ನೂತಿದ್ದು?" ಅಂದ್ಲು.

ಮಗಳು ಎಣಿಸೋಕೆ ಶುರು ಮಾಡಿದಾಳೆ. ಬಿಳಿ ಹಾಳೆ ಮೇಲೆ ಒದ್ದೆ ಬ್ರಷ್ಷಲ್ಲಿ ಹತ್ತತ್ತು ಬೇರೆ ಮಾಡ್ತಾ, ನಿನ್ನೆ ರಾತ್ರಿಗೆ 340 ಆಗಿತ್ತು.

ಹಿರಿಯರೇ, ಒಂದು ಕೇಳೋದು ಮರೆತೆ. ಇಷ್ಟು ತಂತು ಇರೋ ಎರಡು ತುದಿನ ಎದುರುಬದುರು ಇಟ್ಟು ಬೆಸೆಯುವಾಗ, ಎಷ್ಟು ಉದ್ದ ಒಂದರ ಮೇಲೊಂದು ಬರೋ ಹಂಗೆ ಇಡ್ತಾರೆ? ನಾವು ಕೇಬಲ್ಲಿಗೆ ಎರಡಿಂಚು ಇಡ್ತೀವಿ.